ದುಡ್ಡು ಯಾರದು, ಲೆಕ್ಕ ಯಾರ ಕೈಯಲ್ಲಿ?

ನಾರಾಯಣಗೂಡದಲ್ಲಿ ಮೇಲ್ಕೋಟೆ ಪಾರ್ಕ್ ಅಂತ ಒಂದು ಉದ್ಯಾನವಿದೆ. ಬೆಳಿಗ್ಗೆ ವಾಕಿಂಗಿಗೆ ಬರುವ ಅನೇಕರಿಗೆ ಆ ಹೆಸರು ಯಾರದೆಂದು ಗೊತ್ತಿಲ್ಲ. ಕನ್ನಡದವರಿಗೆ ಮಾತ್ರ ಚೆಲುವನಾರಾಯಣನ ಊರು ನೆನಪಾಗಿ, ಇದೇನಪ್ಪ ಇಲ್ಲಿ ಎಂದು ಒಮ್ಮೆ ತಿರುಗಿ ನೋಡುತ್ತಾರೆ. ಡಾ. ಜಿ. ಎಸ್. ಮೇಲ್ಕೋಟೆ ಹೈದರಾಬಾದಿನ ಸ್ವಾತಂತ್ರ್ಯ ಹೋರಾಟಗಾರರು. 1952ರಲ್ಲಿ ಬೂರ್ಗುಲ ರಾಮಕೃಷ್ಣರಾವ್ ಅವರ ಸಂಪುಟ ರಚನೆಯಾದಾಗ ಹೈದರಾಬಾದ್ ರಾಜ್ಯದ ಹಣಕಾಸು ಮಂತ್ರಿಯಾದವರು. 1957ರಲ್ಲಿ ಅವರು ಲೋಕಸಭೆಗೆ ಗೆದ್ದದ್ದು ನಮ್ಮ ರಾಯಚೂರಿನಿಂದ. 1962 ಮತ್ತು 1967ರಲ್ಲಿ ಹೈದರಾಬಾದಿನಿಂದ ಕಾಂಗ್ರೆಸ್ ಟಿಕೆಟ್ಟಿನಲ್ಲಿ ಗೆದ್ದರು. 1971ರಲ್ಲಿ ಅದೇ ಹೈದರಾಬಾದಿನಿಂದ ತೆಲಂಗಾಣ ಪ್ರಜಾ ಸಮಿತಿಯ ಅಭ್ಯರ್ಥಿಯಾಗಿ ಗೆದ್ದರು.

ಇಡೀ ರಾಜ್ಯದ ತಿಜೋರಿ ನೋಡಿಕೊಂಡವರು, ಆ ರಾಜ್ಯ ಒಡೆದ ಮೇಲೆ ಕನ್ನಡದ ತುಂಡಿನ ಪ್ರತಿನಿಧಿಯಾಗಿ, ಕೊನೆಗೆ ತೆಲುಗಿನ ತುಂಡು ಪ್ರತ್ಯೇಕವಾಗಬೇಕೆಂದು ನಿಂತ ಪಕ್ಷದಿಂದ ಆರಿಸಿ ಬಂದರಲ್ಲ, ಆ ಇಪ್ಪತ್ತು ವರ್ಷಗಳ ಹಿಂದಿನ ದೊಡ್ಡ ಕಾರಣಗಳಲ್ಲಿ ಒಂದು ದುಡ್ಡಿನ ಪಾಲು. ತೆರಿಗೆಯ ಪಾಲಿನ ಜಗಳ ನಿನ್ನೆ ಮೊನ್ನೆಯದು ಎಂದು ಟಿವಿ ನೋಡುವವರು ತಿಳಿದಿದ್ದರೆ ಆಶ್ಚರ್ಯವಿಲ್ಲ. ರಾಯಚೂರು ಸೀಮೆಯಿಂದ ಬಂದು ಇಲ್ಲಿ ದಶಕಗಟ್ಟಲೆ ಬೇರೂರಿದ ನನ್ನಂಥವರಿಗೆ ಅದು ನಮ್ಮದೇ ಮನೆಯ ಹಿಸ್ಸೆ ಪಂಚಾಯಿತಿ. ಅದನ್ನು ಸ್ವಲ್ಪ ಮೊದಲಿನಿಂದ ಹೇಳುತ್ತೇನೆ.

1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ಮುಗಿದಾಗ ಹೈದರಾಬಾದ್ ಸಂಸ್ಥಾನದ ಬಳಿ ಒಂದು ದೇಶಕ್ಕೆ ಇರಬೇಕಾದ ಸರಂಜಾಮೆಲ್ಲ ಇತ್ತು. ಸ್ವಂತ ನಾಣ್ಯ ಹಾಲಿ ಸಿಕ್ಕಾ, ಸ್ವಂತ ಅಂಚೆ, ಸ್ವಂತ ಸೈನ್ಯ. 1930ರಲ್ಲಿ ಇಂಗ್ಲಿಷ್ ಕಂಪನಿಯಿಂದ ಕೊಂಡುಕೊಂಡ ರೈಲ್ವೆ ಇತ್ತು. ಗಡಿಯಲ್ಲಿ ಸರಕಿನ ಮೇಲೆ ಸುಂಕ ಎತ್ತುವ ಇಲಾಖೆ ಇತ್ತು, ಅದಕ್ಕೆ ಕರೋಡಗಿರಿ ಅನ್ನುತ್ತಿದ್ದರು. ಬೊಕ್ಕಸಕ್ಕೆ ಬರುವ ಹಣದಲ್ಲಿ ಭೂಕಂದಾಯ, ಆಬ್ಕಾರಿ, ಕರೋಡಗಿರಿ, ರೈಲ್ವೆ ಇವು ದೊಡ್ಡ ಬಾಬತ್ತುಗಳು.

ಹೊಸ ಸಂವಿಧಾನ ಬಂದ ಮೇಲೆ ಇವುಗಳಲ್ಲಿ ಕೇಂದ್ರಕ್ಕೆ ಸೇರಬೇಕಾದ್ದು ಕೇಂದ್ರಕ್ಕೆ ಸೇರಲೇಬೇಕಿತ್ತು. ಹೇಗೆ ಸೇರಿಸುವುದು ಎಂದು ನೋಡಲು ವಿ. ಟಿ. ಕೃಷ್ಣಮಾಚಾರಿ ಅವರ ಸಮಿತಿ ಕೂತು 1949ರಲ್ಲಿ ವರದಿ ಕೊಟ್ಟಿತು. ಅದರ ಸೂತ್ರ ಸರಳ. ಸಂಸ್ಥಾನದಿಂದ ಕೇಂದ್ರಕ್ಕೆ ಹೋಗುವ ಆದಾಯ ಎಷ್ಟು, ಅದರ ಜೊತೆಗೆ ಕೇಂದ್ರ ವಹಿಸಿಕೊಳ್ಳುವ ಖರ್ಚು ಎಷ್ಟು ಎಂದು ಲೆಕ್ಕ ಹಾಕುವುದು. ಹೋಗುವ ಆದಾಯವೇ ಹೆಚ್ಚಾಗಿದ್ದರೆ ಆ ಅಂತರವನ್ನು ಕೇಂದ್ರ ತುಂಬಿಕೊಡಬೇಕು. ಮೊದಲ ಐದು ವರ್ಷ ಪೂರ್ತಿ, ಆಮೇಲೆ ಇಳಿಸುತ್ತಾ ಹತ್ತನೇ ವರ್ಷಕ್ಕೆ ನೂರಕ್ಕೆ 60. ಮೈಸೂರಿಗೂ ಹೈದರಾಬಾದಿಗೂ ಇದೇ ಸೂತ್ರ. 1950ರ ಏಪ್ರಿಲ್ 1ರಿಂದ ಹಣಕಾಸಿನ ವಿಲೀನ ಜಾರಿಗೆ ಬಂತು. ರೈಲ್ವೆ ಹೋಯಿತು, ಅಂಚೆ ಹೋಯಿತು, ಸೈನ್ಯ ಹೋಯಿತು. ಏಳು ಹಾಲಿ ರೂಪಾಯಿಗೆ ಆರು ಕಲ್ದಾರ್ ರೂಪಾಯಿಯ ದರದಲ್ಲಿ ನಾಣ್ಯವೂ ಕ್ರಮೇಣ ಹೋಯಿತು. ಕರೋಡಗಿರಿಯನ್ನು ಮಾತ್ರ ಒಂದೇ ಏಟಿಗೆ ತೆಗೆದರೆ ಬೊಕ್ಕಸ ಬರಿದಾಗುತ್ತದೆಂದು ಸ್ವಲ್ಪ ಕಾಲ ಉಳಿಸಿ ಆಮೇಲೆ ತೆಗೆದರು.

ಈ ವ್ಯವಸ್ಥೆಯಲ್ಲಿ ಎರಡು ಒಳ್ಳೆಯ ಗುಣ ಇದ್ದವು ಎಂದು ನನಗೆ ಅನ್ನಿಸುತ್ತದೆ. ಕಳೆದುಕೊಳ್ಳುವವನ ನಷ್ಟಕ್ಕೆ ಒಂದು ಅಂಕಿ ಇತ್ತು, ಮತ್ತು ಆ ಅಂಕಿಯನ್ನು ಹಾಕಿದ್ದು ಎರಡೂ ಕಡೆಯವರು ಒಪ್ಪಿದ ಒಂದು ಸಮಿತಿ. ಕೊರತೆಯೂ ಇತ್ತು. ಪರಿಹಾರಕ್ಕೆ ಹತ್ತು ವರ್ಷದ ಗಡುವು, ಕೊಟ್ಟ ಆಸ್ತಿಗೆ ಗಡುವಿಲ್ಲ. ನಾರಾಯಣಗೂಡದಿಂದ ನಡೆದು ಹೋಗುವಷ್ಟು ಹತ್ತಿರ ಕಾಚಿಗೂಡ ಸ್ಟೇಷನ್ ಇದೆ, 1916ರ ಕಟ್ಟಡ. ನಿಜಾಮನ ಪ್ರಜೆಗಳ ದುಡ್ಡಿನಿಂದ ಬೆಳೆದ ಆ ರೈಲ್ವೆಯ ಆದಾಯ 1950ರಿಂದ ದಿಲ್ಲಿಯ ಲೆಕ್ಕಕ್ಕೆ. ಇಡೀ ದೇಶಕ್ಕೆ ಒಂದೇ ರೈಲ್ವೆ ಇರುವುದು ಒಳ್ಳೆಯದೇ, ಅದಕ್ಕೆ ತಕರಾರಿಲ್ಲ. ಈ ಸ್ಟೇಷನ್ನಿನ ಮಾತು ಮುಂದೆ ಇನ್ನೊಂದು ಕಾರಣಕ್ಕೆ ಬರುತ್ತದೆ.

ಮುಂದೆ 1952ರಲ್ಲಿ ಕೆ. ಸಿ. ನಿಯೋಗಿ ಅವರ ಮೊದಲನೇ ಹಣಕಾಸು ಆಯೋಗದ ವರದಿ ಬಂತು. ಆದಾಯ ತೆರಿಗೆಯಲ್ಲಿ ನೂರಕ್ಕೆ 55 ರಾಜ್ಯಗಳಿಗೆ. ಅದನ್ನು ರಾಜ್ಯಗಳ ನಡುವೆ ಹಂಚುವಾಗ 80 ಭಾಗ ಜನಸಂಖ್ಯೆ ನೋಡಿ, 20 ಭಾಗ ಎಲ್ಲಿ ವಸೂಲಾಯಿತು ಎಂಬುದನ್ನು ನೋಡಿ. ದುಡಿದ ಜಾಗಕ್ಕೆ ಎಷ್ಟು, ಬೇಕಾದ ಜಾಗಕ್ಕೆ ಎಷ್ಟು ಎಂಬ ಪ್ರಶ್ನೆ ಅಂದೇ ಮೇಜಿನ ಮೇಲೆ ಇತ್ತು ನೋಡಿ. ಮುಂಬಯಿ, ಕಲಕತ್ತೆಗಳ ಬಂದರಿನಲ್ಲಿ ಕಟ್ಟಿದ ತೆರಿಗೆಯೆಲ್ಲ ಆ ಊರುಗಳೇ ದುಡಿದದ್ದಲ್ಲ ಎಂಬುದು ಆಗಲೂ ಎಲ್ಲರಿಗೂ ಗೊತ್ತಿದ್ದ ಮಾತು.

1956ರ ನವೆಂಬರ್ 1ಕ್ಕೆ ಹೈದರಾಬಾದ್ ರಾಜ್ಯ ಮೂರಾಯಿತು. ಮರಾಠಿ ಜಿಲ್ಲೆಗಳು ಮುಂಬಯಿಗೆ, ಬೀದರ, ಗುಲ್ಬರ್ಗಾ, ರಾಯಚೂರು ಮೈಸೂರಿಗೆ, ತೆಲಂಗಾಣ ಆಂಧ್ರದ ಜೊತೆಗೆ. ಮನೆ ಪಾಲಾಗುವಾಗ ಪಾತ್ರೆ ಪಗಡ ಹಂಚುವ ಹಾಗೆ ಇಲ್ಲಿಯೂ ಹಂಚಬೇಕಲ್ಲ. ರಾಜ್ಯ ಪುನರ್ವಿಂಗಡಣಾ ಕಾಯಿದೆಯ ನಿಯಮ ಏನೆಂದರೆ, ಜಮೀನು ಮತ್ತು ಕಟ್ಟಡ ಯಾವ ನೆಲದ ಮೇಲೆ ಇವೆಯೋ ಆ ರಾಜ್ಯಕ್ಕೆ. ಇದಕ್ಕಿಂತ ಸುಲಭದ ನಿಯಮ ಇರಲಾರದು, ಕಟ್ಟಡವನ್ನು ಎತ್ತಿಕೊಂಡು ಹೋಗಲಾಗುವುದಿಲ್ಲ. ಆದರೆ ಇದರ ಫಲ ಏನಾಯಿತು? ಉಸ್ಮಾನಿಯಾ ವಿಶ್ವವಿದ್ಯಾಲಯ, ಉಸ್ಮಾನಿಯಾ ಆಸ್ಪತ್ರೆ, ಹೈಕೋರ್ಟ್, ಇಲಾಖೆಗಳ ತಲೆಕಚೇರಿಗಳು ಎಲ್ಲವೂ ರಾಜಧಾನಿಯಲ್ಲಿದ್ದವು. ಅವನ್ನು ಕಟ್ಟಿದ ದುಡ್ಡಿನಲ್ಲಿ ರಾಯಚೂರಿನ ಭೂಕಂದಾಯವೂ ಇತ್ತು, ಗುಲ್ಬರ್ಗದ ಹತ್ತಿಯ ಮೇಲಿನ ಸುಂಕವೂ ಇತ್ತು. ಮೂರು ಕನ್ನಡ ಜಿಲ್ಲೆಗಳು ಹೊರಟಾಗ ಕೈಗೆ ಬಂದದ್ದು ತಮ್ಮ ಜಿಲ್ಲೆಯೊಳಗೆ ಇದ್ದಷ್ಟು.

ಇದೇ ನಿಯಮ 58 ವರ್ಷದ ನಂತರ ತಿರುಗಿ ಹೊಡೆದದ್ದು ಆಂಧ್ರಕ್ಕೆ. 2014ರ ಕಾಯಿದೆಯಲ್ಲಿ ಅನೇಕ ಬಾಬತ್ತುಗಳನ್ನು ಜನಸಂಖ್ಯೆಯ ಪ್ರಕಾರ ಆಂಧ್ರಕ್ಕೆ 58.32, ತೆಲಂಗಾಣಕ್ಕೆ 41.68 ಎಂದು ಹಂಚಿದರು. ಕಟ್ಟಡ ಮತ್ತು ನೆಲ ಮಾತ್ರ ಇದ್ದಲ್ಲಿಯೇ, ಅಂದರೆ ಹೈದರಾಬಾದಿನಲ್ಲಿ, ತೆಲಂಗಾಣಕ್ಕೆ. 1956ರಲ್ಲಿ ರಾಯಚೂರಿನವರು ನುಂಗಿಕೊಂಡ ಸಂಕಟ 2014ರಲ್ಲಿ ಗುಂಟೂರಿನವರಿಗೆ ಅರ್ಥವಾಯಿತು. ರಾಜಧಾನಿ ಎಂಬುದು ಹತ್ತು ಊರಿನ ದುಡ್ಡು ಒಂದೇ ಊರಿನಲ್ಲಿ ಕಲ್ಲು ಗಾರೆಯಾಗಿ ಗಟ್ಟಿಯಾಗುವ ಜಾಗ. ಪಾಲಾಗುವ ದಿನ ಬರುವ ತನಕ ಯಾರೂ ಅದನ್ನು ಗಮನಿಸುವುದಿಲ್ಲ.

ಈಗ ತೆಲಂಗಾಣದ ಕತೆಗೆ ಬರೋಣ, ಇದರಲ್ಲಿ ನಾರಾಯಣಗೂಡಕ್ಕೂ ಒಂದು ಪಾತ್ರವಿದೆ. ಇಲ್ಲಿ ಸರಕಾರಿ ಡಿಸ್ಟಿಲರಿ ಇತ್ತು, ಸಾರಾಯಿ ಇಳಿಸುವ ಕಾರ್ಖಾನೆ. ತೆಲಂಗಾಣದಲ್ಲಿ ಹೆಂಡ, ಸಾರಾಯಿ ಸರಕಾರದ ದೊಡ್ಡ ವರಮಾನ. ಮದ್ರಾಸಿನಿಂದ ಬೇರೆಯಾಗಿ ಬಂದ ಆಂಧ್ರದಲ್ಲಿ ಪಾನನಿಷೇಧ ಇದ್ದುದರಿಂದ ಆ ವರಮಾನ ಇರಲಿಲ್ಲ. 1955ರ ಫಜಲ್ ಅಲಿ ಆಯೋಗದ ವರದಿಯಲ್ಲೇ ಇದು ಸ್ಪಷ್ಟವಾಗಿದೆ. ಆಂಧ್ರ ರಾಜ್ಯ ಹುಟ್ಟಿದಾಗಿನಿಂದ ಹಣದ ಮುಗ್ಗಟ್ಟಿನಲ್ಲಿದೆ, ತೆಲಂಗಾಣಕ್ಕೆ ಹೆಚ್ಚಿನ ಭೂಕಂದಾಯವೂ ವರ್ಷಕ್ಕೆ ಸುಮಾರು 5 ಕೋಟಿ ರೂಪಾಯಿಯ ಆಬ್ಕಾರಿ ಆದಾಯವೂ ಇದೆ ಎಂದು ಆಯೋಗ ಗುರುತಿಸಿತ್ತು. ಎರಡನ್ನೂ ಕೂಡಲೇ ಕೂಡಿಸಬೇಡಿ, ಸದ್ಯಕ್ಕೆ ಹೈದರಾಬಾದ್ ಬೇರೆ ರಾಜ್ಯವಾಗಿರಲಿ, 1961ರ ಸುಮಾರಿನ ಚುನಾವಣೆಯ ನಂತರ ಅದರ ಶಾಸನಸಭೆ ಮೂರರಲ್ಲಿ ಎರಡು ಬಹುಮತದಿಂದ ಒಪ್ಪಿದರೆ ಕೂಡಲಿ ಎಂದೂ ಹೇಳಿತ್ತು.

ಅಷ್ಟು ತಾಳ್ಮೆ ಯಾರಿಗೂ ಇರಲಿಲ್ಲ. 1956ರ ಫೆಬ್ರವರಿ 20ರಂದು ದಿಲ್ಲಿಯಲ್ಲಿ ಎರಡೂ ಕಡೆಯ ಮುಖಂಡರು ಕೂತು ಒಪ್ಪಂದ ಮಾಡಿಕೊಂಡರು. ಇಲ್ಲಿಯ ಜನ ಅದನ್ನು ‘ಪೆದ್ದಮನುಷುಲ ಒಪ್ಪಂದಂ’ ಅನ್ನುತ್ತಾರೆ, ದೊಡ್ಡ ಮನುಷ್ಯರ ಒಪ್ಪಂದ. ಅದರ ಮೊದಲ ಮಾತೇ ದುಡ್ಡಿನದು. ರಾಜ್ಯದ ಸಾಮಾನ್ಯ ಆಡಳಿತದ ಖರ್ಚನ್ನು ಎರಡೂ ಪ್ರದೇಶಗಳು ಪ್ರಮಾಣಕ್ಕೆ ತಕ್ಕಂತೆ ಹೊರಬೇಕು, ತೆಲಂಗಾಣದ ಆದಾಯದಲ್ಲಿ ಉಳಿಯುವುದನ್ನು ತೆಲಂಗಾಣದ ಅಭಿವೃದ್ಧಿಗೇ ಮೀಸಲಿಡಬೇಕು. ತೆಲಂಗಾಣದಲ್ಲಿ ಪಾನನಿಷೇಧ ಹೇಗೆ ಎಂಬುದನ್ನು ತೆಲಂಗಾಣದ ಶಾಸಕರೇ ತೀರ್ಮಾನಿಸಬೇಕು ಎಂಬ ಮಾತೂ ಅದರಲ್ಲಿತ್ತು. ಅದರ ಹಿಂದೆ ಗಾಂಧೀಜಿಯವರ ಆದರ್ಶದಷ್ಟೇ ಆ 5 ಕೋಟಿಯ ನೆನಪೂ ಇದ್ದಿರಬೇಕು.

ಒಪ್ಪಂದದ ಮಾತು ಚೆನ್ನಾಗಿಯೇ ಇತ್ತು. ಆದರೆ ಪ್ರತಿ ವರ್ಷ ಉಳಿಕೆ ಎಷ್ಟು ಎಂದು ಲೆಕ್ಕ ಹಾಕಿ ಜನರ ಮುಂದಿಡುವ ಸ್ವತಂತ್ರ ಸಂಸ್ಥೆ ಯಾವುದೂ ಇರಲಿಲ್ಲ. ಶಾಸಕರ ಒಂದು ಪ್ರಾದೇಶಿಕ ಸಮಿತಿ ಇತ್ತು, ಪುಸ್ತಕ ಮಾತ್ರ ಸಚಿವಾಲಯದ ಕಪಾಟಿನಲ್ಲಿ. ಹನ್ನೆರಡು ವರ್ಷ ಹೀಗೇ ನಡೆಯಿತು. 1969ರಲ್ಲಿ ಉದ್ಯೋಗದ ಪ್ರಶ್ನೆಯೂ ಈ ಉಳಿಕೆಯ ಪ್ರಶ್ನೆಯೂ ಸೇರಿ ವಿದ್ಯಾರ್ಥಿಗಳು ಬೀದಿಗೆ ಬಂದರು. ಗೋಲಿಬಾರಿನಲ್ಲಿ ಹುಡುಗರು ಸತ್ತರು. ಲೆಕ್ಕ ಹಾಕಿಸುವ ಬುದ್ಧಿ ಬಂದದ್ದು ಆ ಗಲಾಟೆಯ ನಡುವೆ.

ಮೊದಲು ಮಹಾಲೇಖಪಾಲರ ಇಲಾಖೆಯ ಅಧಿಕಾರಿ ಕುಮಾರ್ ಲಲಿತ್ ಅವರಿಗೆ ಕೆಲಸ ಒಪ್ಪಿಸಿದರು. 1956ರ ನವೆಂಬರಿನಿಂದ 1968ರ ಮಾರ್ಚಿನವರೆಗೆ ತೆಲಂಗಾಣದಲ್ಲಿ ಖರ್ಚಾಗದೆ ಉಳಿದ ಹಣ 34.10 ಕೋಟಿ ರೂಪಾಯಿ ಎಂದು ಅವರ ಲೆಕ್ಕ. ಆಮೇಲೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಶಿಷ್ಠ ಭಾರ್ಗವ ಅವರ ಸಮಿತಿ ಕೂತು 28.34 ಕೋಟಿ ಎಂದಿತು. ಇಬ್ಬರೂ ಪ್ರಾಮಾಣಿಕರು, ನೋಡಿದ್ದು ಒಂದೇ ಸರಕಾರದ ಪುಸ್ತಕ, ಅಂತರ ಆರು ಕೋಟಿಯ ಹತ್ತಿರ. ಇದರಲ್ಲಿ ಮೋಸ ಹುಡುಕಬೇಕಿಲ್ಲ. ಹೈದರಾಬಾದಿನಲ್ಲಿ ಕೂತ ಒಬ್ಬ ಕಾರ್ಯದರ್ಶಿಯ ಸಂಬಳದಲ್ಲಿ ವರಂಗಲ್ಲಿಗೆ ಎಷ್ಟು, ಗುಂಟೂರಿಗೆ ಎಷ್ಟು? ರಾಜ್ಯದ ಸಾಲದ ಬಡ್ಡಿಯನ್ನು ಯಾರ ಲೆಕ್ಕಕ್ಕೆ ಬರೆಯಬೇಕು? ಇಂಥ ನೂರು ಪ್ರಶ್ನೆಗಳಿಗೆ ಉತ್ತರವನ್ನು 1956ರಲ್ಲಿಯೇ ಬರೆದಿಟ್ಟುಕೊಳ್ಳಬೇಕಿತ್ತು. ಹನ್ನೆರಡು ವರ್ಷದ ನಂತರ ಯಾರು ಲೆಕ್ಕ ಹಾಕಿದರೂ ಒಂದು ಕಡೆಯವರಿಗೆ ಅನುಮಾನ ಉಳಿಯುತ್ತದೆ. ಒಂದು ಕಡೆ ಇದು ಕೊಳ್ಳೆ ಎಂಬ ಮಾತು, ಇನ್ನೊಂದು ಕಡೆ ಇದು ಕಟ್ಟುಕತೆ ಎಂಬ ಮಾತು. ಪ್ರಾಮಾಣಿಕ ಅಂಕಿ ಬಂದರೂ ಅದಕ್ಕೆ ಬೆಲೆ ಬರುವ ಕಾಲ ಮೀರಿತ್ತು. 1971ರ ಚುನಾವಣೆಯಲ್ಲಿ ತೆಲಂಗಾಣದ 14 ಲೋಕಸಭಾ ಸ್ಥಾನಗಳಲ್ಲಿ 10ನ್ನು ಪ್ರಜಾ ಸಮಿತಿ ಗೆದ್ದಿತು, ಆ ಹತ್ತರಲ್ಲಿ ಮೇಲ್ಕೋಟೆಯವರದೂ ಒಂದು.

ಅತ್ತ ಮೈಸೂರಿಗೆ ಹೋದ ನಮ್ಮ ಮೂರು ಜಿಲ್ಲೆಗಳ ವಿಷಯದಲ್ಲಿ ಇಂಥ ಒಪ್ಪಂದವೇ ಆಗಲಿಲ್ಲ. ಕನ್ನಡ ನಾಡು ಒಂದಾಗುತ್ತಿದೆ ಎಂಬ ಸಂಭ್ರಮದಲ್ಲಿ ಅಣ್ಣ ತಮ್ಮಂದಿರ ನಡುವೆ ಕಾಗದ ಪತ್ರ ಯಾಕೆ ಎಂಬ ಭಾವ. ಕಾಗದ ಇಲ್ಲದ್ದರಿಂದ 1969ರಂಥ ಸ್ಫೋಟವೂ ಆಗಲಿಲ್ಲ, ಹಣವೂ ಬರಲಿಲ್ಲ. 1991ರ ಕಾಯಿದೆಯಿಂದ ಹೈದರಾಬಾದ್ ಕರ್ನಾಟಕ ಅಭಿವೃದ್ಧಿ ಮಂಡಳಿ ಬಂತು. ಡಾ. ಡಿ. ಎಂ. ನಂಜುಂಡಪ್ಪ ಅವರ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು ಎಂದಿತು. ಅವುಗಳಲ್ಲಿ ಅತ್ಯಂತ ಹಿಂದುಳಿದವು 39, ಅದರಲ್ಲಿ 21 ಗುಲ್ಬರ್ಗಾ ವಿಭಾಗದವು. ರಾಜ್ಯ ಒಂದಾಗಿ ಆಗಲೇ 46 ವರ್ಷ ಕಳೆದಿತ್ತು. ನಂಜುಂಡಪ್ಪನವರ ವರದಿಯ ದೊಡ್ಡ ಉಪಕಾರ ಏನೆಂದರೆ, ಅದು ತಾಲ್ಲೂಕು ತಾಲ್ಲೂಕಿನ ಅಂಕಿ ಇಟ್ಟಿತು. ಅಲ್ಲಿಯ ತನಕ ‘ನಾವು ಹಿಂದುಳಿದವರು’ ಎಂಬುದು ಗೋಳಾಗಿತ್ತು, ಅಂದಿನಿಂದ ಅದು ಲೆಕ್ಕವಾಯಿತು. ವೈಜನಾಥ ಪಾಟೀಲರಂಥವರ ದೀರ್ಘ ಹೋರಾಟದ ನಂತರ 2012ರ ಡಿಸೆಂಬರಿನಲ್ಲಿ ಸಂಸತ್ತು 371(ಜೆ) ವಿಧಿಯನ್ನು ಒಪ್ಪಿತು. ಅದರಲ್ಲಿ ಮಂಡಳಿಯ ಕೆಲಸದ ವರದಿಯನ್ನು ಪ್ರತಿ ವರ್ಷ ವಿಧಾನಸಭೆಯ ಮುಂದಿಡಬೇಕು ಎಂಬ ಮಾತಿದೆ. ಮೀಸಲಾತಿಯ ಗದ್ದಲದಲ್ಲಿ ಯಾರೂ ಗಮನಿಸದ ಆ ಒಂದು ಸಾಲು ನನಗೆ ಬಹಳ ಮುಖ್ಯವೆನಿಸುತ್ತದೆ. 1956ರ ದೊಡ್ಡ ಮನುಷ್ಯರು ಮರೆತದ್ದು ಅದನ್ನೇ.

ಇನ್ನು ದಿಲ್ಲಿ ಮತ್ತು ಬೆಂಗಳೂರಿನ ನಡುವಿನ ಜಗಳ. 14ನೇ ಹಣಕಾಸು ಆಯೋಗದ ಕಾಲದಲ್ಲಿ ರಾಜ್ಯಗಳ ಪಾಲಿನಲ್ಲಿ ಕರ್ನಾಟಕಕ್ಕೆ ನೂರಕ್ಕೆ 4.713 ಸಿಗುತ್ತಿತ್ತು, 2021ರಿಂದ 2026ರವರೆಗಿನ 15ನೇ ಆಯೋಗದ ಅವಧಿಗೆ ಅದು 3.647ಕ್ಕೆ ಇಳಿಯಿತು. ತೆಲಂಗಾಣದ್ದು 2.437ರಿಂದ 2.102ಕ್ಕೆ. ಈ ಸೂತ್ರದಲ್ಲಿ 45 ಅಂಕ ಇದ್ದದ್ದು ತಲಾ ಆದಾಯದ ಅಂತರಕ್ಕೆ, ಬಡ ರಾಜ್ಯಕ್ಕೆ ಹೆಚ್ಚು ಎಂಬ ತತ್ವ. ತತ್ವ ಸರಿಯೇ. ಆದರೆ ಬೆಂಗಳೂರಿನ ಸಾಫ್ಟ್‌ವೇರ್ ಸಂಪಾದನೆ ಇಡೀ ರಾಜ್ಯದ ಸರಾಸರಿಯನ್ನು ಮೇಲಕ್ಕೆ ಎಳೆದಾಗ ಪಾಲು ಕಡಿಮೆಯಾಗುವುದು ಯಾದಗಿರಿಗೂ ಸೇರಿ. ಯಾದಗಿರಿಯ ರೈತ ದಿಲ್ಲಿಯ ಲೆಕ್ಕದಲ್ಲಿ ಶ್ರೀಮಂತ ರಾಜ್ಯದವ, ಬೆಂಗಳೂರಿನ ಲೆಕ್ಕದಲ್ಲಿ ಹಿಂದುಳಿದ ತಾಲ್ಲೂಕಿನವ. ಜೊತೆಗೆ ಸೆಸ್ ಮತ್ತು ಸರ್‌ಚಾರ್ಜ್ ಎಂದು ಕೇಂದ್ರ ಎತ್ತುವ ಹಣ ಹಂಚಿಕೆಯ ರಾಶಿಗೆ ಸೇರುವುದೇ ಇಲ್ಲ. ಕಣದಲ್ಲಿ ರಾಶಿ ಅಳೆಯುವ ಮೊದಲೇ ಒಂದಿಷ್ಟು ಚೀಲ ಬದಿಗಿಟ್ಟು, ಉಳಿದದ್ದರಲ್ಲಿ ನೂರಕ್ಕೆ 41 ನಿಮಗೆ ಅಂದ ಹಾಗೆ. ರಾಜ್ಯಗಳು ಇದನ್ನು ಕೇಳುವುದು ನ್ಯಾಯವೇ.

ನ್ಯಾಯ ಕೇಳುವ ರಾಜ್ಯ ತನ್ನ ಕೆಳಗಿನವರಿಗೆ ಏನು ಮಾಡುತ್ತದೆ ಎಂದೂ ನೋಡಬೇಕಲ್ಲ. ಕರ್ನಾಟಕದಲ್ಲಿ ಅಬ್ದುಲ್ ನಜೀರ್ ಸಾಬ್ ಅವರ ಶ್ರಮದಿಂದ 1987ರಲ್ಲಿ ಜಿಲ್ಲಾ ಪರಿಷತ್ತುಗಳು ಬಂದಾಗ ಜಿಲ್ಲೆಗೆ ಹೋಗುವ ಹಣಕ್ಕೆ ಬಜೆಟ್ಟಿನಲ್ಲಿ ಬೇರೆ ಪುಸ್ತಕವೇ ಇತ್ತು. ಯಾವ ಜಿಲ್ಲೆಗೆ ಯಾವ ಬಾಬತ್ತಿಗೆ ಎಷ್ಟು ಎಂದು ಯಾರು ಬೇಕಾದರೂ ತೆರೆದು ನೋಡಬಹುದಿತ್ತು. 1992ರಲ್ಲಿ ಅವುಗಳ ಅವಧಿ ಮುಗಿದಾಗ ಚುನಾವಣೆಯ ಬದಲು ಆಡಳಿತಾಧಿಕಾರಿಗಳು ಬಂದು ಕೂತರು. 73 ಮತ್ತು 74ನೇ ತಿದ್ದುಪಡಿಗಳ ನಂತರ ಜಿ. ತಿಮ್ಮಯ್ಯ ಅವರ ಮೊದಲ ರಾಜ್ಯ ಹಣಕಾಸು ಆಯೋಗ, ಸಾಲ ಬಿಟ್ಟು ರಾಜ್ಯದ ಸ್ವಂತ ಆದಾಯದಲ್ಲಿ ನೂರಕ್ಕೆ 36 ಸ್ಥಳೀಯ ಸಂಸ್ಥೆಗಳಿಗೆ ಕೊಡಿ ಎಂದಿತು. ಸೂತ್ರ ಬಂತು. ಆದರೆ ಬಿಬಿಎಂಪಿಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ಮತ್ತೆ ಚುನಾವಣೆ ನಡೆಯಲೇ ಇಲ್ಲ, 2025ರಲ್ಲಿ ಅದನ್ನೇ ಒಡೆದು ಐದು ಪಾಲಿಕೆ ಮಾಡಿದರು. ಹೈದರಾಬಾದಿನದೂ ಅದೇ ಹಾಡು. 1986ರಲ್ಲಿ ಪಾಲಿಕೆಗೆ ಚುನಾವಣೆ ಆದದ್ದು ಬಿಟ್ಟರೆ ಮುಂದಿನದು 2002ರಲ್ಲಿ. ಈ ನಡುವೆ 1989ರಲ್ಲಿ ನೀರು ಮತ್ತು ಒಳಚರಂಡಿ ಬೇರೆ ಮಂಡಳಿಯ ಪಾಲಾಯಿತು. ಆರಿಸಿ ಬಂದ ಕಾರ್ಪೊರೇಟರ್ ಇಲ್ಲದ ವಾರ್ಡಿನಲ್ಲಿ ಪಾಲು ಬಂತೇ ಎಂದು ಕೇಳುವ ಅಧಿಕಾರ ಯಾರಿಗಿದೆ?

ಕಾಚಿಗೂಡ ಸ್ಟೇಷನ್ನಿನ ಮಾತು ಇಲ್ಲಿ ಬರುತ್ತದೆ. ಸಂವಿಧಾನದ 285ನೇ ವಿಧಿಯ ಪ್ರಕಾರ ಕೇಂದ್ರದ ಆಸ್ತಿಗೆ ಪಾಲಿಕೆ ಸಾಮಾನ್ಯವಾಗಿ ಆಸ್ತಿ ತೆರಿಗೆ ಹಾಕುವಂತಿಲ್ಲ. ಅದರ ಪಕ್ಕದ ಕಿರಾಣಿ ಅಂಗಡಿಯವ ಕಟ್ಟಬೇಕು. ರಸ್ತೆ, ದೀಪ, ಕಸ ಎತ್ತುವುದು ಇಬ್ಬರಿಗೂ ಬೇಕು. ರಾಜಕೋಟ್ ಪಾಲಿಕೆ ಈ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿಗೆ ಒಯ್ದು, 2009ರಲ್ಲಿ ಒಂದು ಇತ್ಯರ್ಥವಾಯಿತು. ತೆರಿಗೆ ಇಲ್ಲ, ಆದರೆ ಸೇವಾ ಶುಲ್ಕ ಕೊಡಬೇಕು. ಪಡೆಯುವ ಸೌಲಭ್ಯ ನೋಡಿ ಆಸ್ತಿ ತೆರಿಗೆಯ ನೂರಕ್ಕೆ 75, 50 ಅಥವಾ ಮೂರನೇ ಒಂದು ಭಾಗ. ಈ ಇತ್ಯರ್ಥ ನನಗೆ ಇಷ್ಟವಾಗಲು ಕಾರಣ ಅದರ ಸ್ಪಷ್ಟತೆ. ಯಾವ ಸೇವೆಗೆ ಎಷ್ಟು ಎಂದು ಬರೆದಿದೆ, ಕೇಳಲು ಒಂದು ಕಾಗದ ಕೈಯಲ್ಲಿದೆ.

ಈ ಎಪ್ಪತ್ತು ವರ್ಷಗಳ ಕತೆಯಲ್ಲಿ ನ್ಯಾಯವಾದ ಪ್ರಮಾಣ ಇಷ್ಟೇ ಎಂದು ಯಾರೂ ಕೊನೆಯ ಮಾತು ಹೇಳಿಲ್ಲ, ಹೇಳಲೂ ಆಗದು. 55 ಸರಿಯೋ 41 ಸರಿಯೋ, ಅದು ಆಯಾ ಕಾಲದ ರಾಜಕೀಯ. ಆದರೆ ಪಾಲು ಹಂಚಿದ ಪ್ರತಿ ಬಾರಿಯೂ ಮೂರು ಪ್ರಶ್ನೆ ಕೇಳಬಹುದು. ಈ ಹಣಕ್ಕೆ ಬೇರೆ ಖಾತೆ ಇದೆಯೇ? ಅದನ್ನು ವರ್ಷ ವರ್ಷವೂ ಹೊರಗಿನವರು ಯಾರಾದರೂ ಎಣಿಸುತ್ತಾರೆಯೇ? ಕಡಿಮೆ ಬಂದವನು ಎದ್ದು ನಿಂತು ಕೇಳಲು ಚುನಾಯಿತ ಜಾಗ ಒಂದಿದೆಯೇ? 1950ರ ವಿಲೀನದಲ್ಲಿ ಅಂಕಿ ಇತ್ತು, ಅದಕ್ಕೇ ಹೆಚ್ಚು ರಂಪವಾಗಲಿಲ್ಲ. 1956ರ ಒಪ್ಪಂದದಲ್ಲಿ ಭರವಸೆ ಮಾತ್ರ ಇತ್ತು, ಅದರ ಬೆಲೆಯನ್ನು 1969ರಲ್ಲಿ ಹುಡುಗರು ತೆತ್ತರು.

ಮುಂದಿನ ಸಲ ದಿಲ್ಲಿಯಿಂದ ನಮಗೆ ಅನ್ಯಾಯವಾಗಿದೆ ಎಂದು ಯಾರಾದರೂ ಮಂತ್ರಿ ಗುಡುಗಿದಾಗ ಖಂಡಿತ ಚಪ್ಪಾಳೆ ತಟ್ಟಿ, ಮಾತಿನಲ್ಲಿ ಹುರುಳಿರುತ್ತದೆ. ಚಪ್ಪಾಳೆ ಮುಗಿದ ಮೇಲೆ ನಿಮ್ಮ ಪಾಲಿಕೆಗೆ, ನಿಮ್ಮ ಗ್ರಾಮ ಪಂಚಾಯಿತಿಗೆ ರಾಜ್ಯದಿಂದ ಈ ವರ್ಷ ಬರಬೇಕಾದದ್ದು ಎಷ್ಟು, ಬಂದದ್ದು ಎಷ್ಟು ಎಂದೂ ಅವರನ್ನೇ ಕೇಳಿ.